ಗಾಳಿಪಟದಿಂದ ಭೂಪಟ

ಕನ್ನಡದಲ್ಲಿ ಪಟವೆಂಬ ಮಾತಿನ ವ್ಯಾಪ್ತಿ ದೊಡ್ಡದು. ಸಂಸ್ಕೃತದಲ್ಲಿ ಬಟ್ಟೆಯೆಂಬ ಅರ್ಥವುಳ್ಳ ಈ ಶಬ್ದವು ಬಟ್ಟೆಯ ಮೇಲೆ ಬರೆದ ಚಿತ್ರಕ್ಕೆ ಸಂದು, ಅಲ್ಲಿಂದ ಚಿತ್ರಮಾತ್ರಕ್ಕೆ ಹೆಸರಾಯಿತು. ಗೋಡೆಗೆ ತೂಗುಹಾಕಿದ ದೇವರ ಚಿತ್ರವೂ ಪಟ, ಹಡಗಿನ ಹಾಯಿಯೂ ಪಟ. ದೇಶದ ಆಕಾರವನ್ನು ತೋರಿಸುವ ಹಾಳೆ ಭೂಪಟ. ಆಷಾಢದ ಗಾಳಿಗೆ ಹುಡುಗರು ಏರಿಸುವ ಕಾಗದ ಗಾಳಿಪಟ. ಗಾಳಿಪಟವು ಕ್ಯಾಮರಾವನ್ನು ಹೊತ್ತು ಮೇಲೇರಿ ನೆಲದ ಪಟಗಳನ್ನು ತೆಗೆಯುವುದೆಂದೂ, ಆ ಪಟಗಳನ್ನು ಕೂಡಿಸಿದರೆ ಭೂಪಟವಾಗುವುದೆಂದೂ ಭಾಷೆ ಮುಂದಾಗಿ ಕಂಡಿತ್ತೆಂದರೆ ಅತಿಶಯೋಕ್ತಿಯಾದೀತು. ಆದರೂ ಈ ಮೂರು ಪಟಗಳನ್ನು ಒಂದೇ ದಾರದಲ್ಲಿ ಪೋಣಿಸುವ ವಿದ್ಯೆಯೊಂದು ನೂರಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಲೋಕದಲ್ಲಿ ನಡೆದುಬಂದಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲವೆಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ, ಅದರಲ್ಲಿಯೂ ಅಲ್ಲಿಯ ಶಾಸನಗಳನ್ನೂ ಕೆರೆಗಳನ್ನೂ ಅಭ್ಯಾಸಮಾಡುವವರಿಗೆ, ಆ ವಿದ್ಯೆಯಿಂದ ಏನು ಪ್ರಯೋಜನವೆಂಬುದು ಇಲ್ಲಿಯ ವಿಷಯ.

ಮೊದಲು ಕಾಲವನ್ನು ಕುರಿತು ಹೇಳಬೇಕು. ಗುಜರಾತಿನವರು ಗಾಳಿಪಟವನ್ನು ಮಕರ ಸಂಕ್ರಾಂತಿಯಲ್ಲಿ ಹಾರಿಸುತ್ತಾರೆ. ಹಳೆಯ ಮೈಸೂರು ಸೀಮೆಯಲ್ಲಿ ಅದಕ್ಕೆ ಆಷಾಢವೇ ಕಾಲ. ಮಗ್ಗದ ಊರಾದ ದೊಡ್ಡಬಳ್ಳಾಪುರವು ಆಷಾಢದ ಗಾಳಿಪಟಕ್ಕೆ ಹೆಸರುವಾಸಿಯಾಗಿದೆ. ಈ ವ್ಯತ್ಯಾಸಕ್ಕೆ ನೆಲದ ಸ್ಥಿತಿಯೇ ಕಾರಣ. ನೈಋತ್ಯ ಮಾರುತವು ತನ್ನ ನೀರಿನ ಬಹುಭಾಗವನ್ನು ಪಶ್ಚಿಮಘಟ್ಟಗಳಲ್ಲಿ ಸುರಿದು, ಈ ಎತ್ತರದ ಬಯಲಿಗೆ ಬರುವ ವೇಳೆಗೆ ಮಳೆ ಕಡಮೆಯಾಗಿ ಗಾಳಿ ಹೆಚ್ಚಾಗಿರುತ್ತದೆ. ಒಂದೇ ದಿಕ್ಕಿನಿಂದ ಬಿಡುವಿಲ್ಲದೆ ಬೀಸುವ ಇಂಥ ಗಾಳಿ ವರ್ಷದಲ್ಲಿ ಮತ್ತೆ ದೊರೆಯದು. ಈ ಸೀಮೆಯ ಕೆರೆಗಳನ್ನು ತುಂಬಿಸುವ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಹೀಗಾಗಿ ಗಾಳಿ ಚೆನ್ನಾಗಿರುವ ಆಷಾಢದಲ್ಲಿ ಕೆರೆಯ ಅಂಗಳ ಬಹುಮಟ್ಟಿಗೆ ಬರಿದಾಗಿ ಕಣ್ಣಿಗೆ ತೆರೆದಿರುತ್ತದೆ. ಅಂಗಳದ ಏರುತಗ್ಗುಗಳನ್ನು ಅಳೆಯಬೇಕೆನ್ನುವವನಿಗೆ ಇದಕ್ಕಿಂತ ಅನುಕೂಲವಾದ ಸಂಯೋಗ ಬೇಕಿಲ್ಲ.

ಆಕಾಶದಿಂದ ನೆಲದ ಛಾಯಾಚಿತ್ರವನ್ನು ಮೊದಲು ತೆಗೆದವನು ಫ್ರಾನ್ಸಿನ ನಾದಾರ್. ಅವನು ೧೮೫೮ರಲ್ಲಿ ಬಲೂನನ್ನು ಏರಿದ್ದನು. ಬಲೂನಿಗೆ ತಗಲುವ ವೆಚ್ಚ ಎಲ್ಲರಿಗೂ ಸಾಧ್ಯವಾದುದಲ್ಲ. ಅದೇ ದೇಶದ ಲಾಬ್ರುಗಿಯೇರ್ ಎಂಬ ಊರಿನ ಆರ್ತೂರ್ ಬಾತ್ಯು ೧೮೮೮ರಲ್ಲಿ ಗಾಳಿಪಟಕ್ಕೆ ಕ್ಯಾಮರಾ ಕಟ್ಟಿ ಚಿತ್ರ ತೆಗೆದು, ೧೮೯೦ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಅವನ ಉಪಾಯ ಚಮತ್ಕಾರವಾದುದು. ನಿಧಾನವಾಗಿ ಉರಿಯುವ ಬತ್ತಿಯೊಂದನ್ನು ಹೊತ್ತಿಸಿ ಗಾಳಿಪಟವನ್ನು ಬಿಡುವುದು. ಬತ್ತಿ ಉರಿದು ಮುಗಿದಾಗ ಕ್ಯಾಮರಾದ ಕಣ್ಣು ತೆರೆದು ಮುಚ್ಚಿಕೊಳ್ಳುವುದು. ಚಿತ್ರ ತೆಗೆದ ಎತ್ತರವನ್ನು ತಿಳಿಯುವುದಕ್ಕೆ ಎತ್ತರಮಾಪಕವೊಂದನ್ನೂ ಜೊತೆಯಲ್ಲಿ ಏರಿಸುತ್ತಿದ್ದನು. ಎತ್ತರ ತಿಳಿಯದ ಚಿತ್ರವು ನೋಟಕ್ಕೆ ಸೊಗಸಾಗಿದ್ದರೂ ಅಳತೆಗೆ ಒದಗದೆಂಬುದನ್ನು ಅವನು ಅಂದೇ ಅರಿತಿದ್ದನು.

ಈ ವಿದ್ಯೆಗೆ ದೊಡ್ಡ ಕೀರ್ತಿ ಬಂದುದು ೧೯೦೬ರಲ್ಲಿ. ಆ ವರ್ಷದ ಏಪ್ರಿಲ್ ೧೮ರ ಭೂಕಂಪದಿಂದಲೂ ಬೆಂಕಿಯಿಂದಲೂ ಹಾಳಾದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಜಾರ್ಜ್ ಲಾರೆನ್ಸನು ೧೭ ಗಾಳಿಪಟಗಳ ಸಾಲಿನಿಂದ ಸುಮಾರು ೨,೦೦೦ ಅಡಿ ಎತ್ತರಕ್ಕೆ ಕ್ಯಾಮರಾ ಎತ್ತಿಸಿ ಒಂದೇ ಚಿತ್ರದಲ್ಲಿ ಹಿಡಿದನು. ಪ್ರಾಕ್ತನ ಶೋಧನೆಯಲ್ಲಿ ೧೯೧೨–೧೩ರ ಸುಮಾರಿಗೆ ಹೆನ್ರಿ ವೆಲ್‌ಕಮ್ ಎಂಬಾತನು ಸೂಡಾನಿನ ಜೆಬೆಲ್ ಮೋಯಾದ ಉತ್ಖನನಭೂಮಿಯ ಮೇಲೆ ಗಾಳಿಪಟಗಳಿಂದ ಚಿತ್ರಗಳನ್ನು ತೆಗೆಸಿದನು. ಆಮೇಲೆ ವಿಮಾನಗಳು ಬಂದುವು. ಗಾಳಿಪಟವು ಮಕ್ಕಳ ಕೈಗೆ ಹಿಂದಿರುಗಿತು. ಹಗುರವಾದ ಕ್ಯಾಮರಾಗಳು ದೊರೆಯತೊಡಗಿದ ಮೇಲೆ ಅದು ಮತ್ತೆ ಕ್ಷೇತ್ರಕಾರ್ಯಕ್ಕೆ ಬಂದಿತು. ೨೦೧೦ರಲ್ಲಿ ಅಮೆರಿಕದ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿಯೊಂದು ಸ್ಫೋಟಗೊಂಡು ಕಡಲತೀರಕ್ಕೆ ಎಣ್ಣೆ ಹರಿದಾಗ, ತೀರದ ನಿವಾಸಿಗಳೇ ಗಾಳಿಪಟ, ಬಲೂನುಗಳಿಗೆ ಸಣ್ಣ ಕ್ಯಾಮರಾಗಳನ್ನು ಕಟ್ಟಿ ತಮ್ಮ ದಡಗಳ ಭೂಪಟಗಳನ್ನು ಮಾಡಿಕೊಂಡರು. ಪಬ್ಲಿಕ್ ಲ್ಯಾಬ್ ಎಂಬ ಸಂಸ್ಥೆ ಆ ಕೆಲಸದಿಂದಲೇ ಹುಟ್ಟಿತು.

ಇನ್ನು ಸಲಕರಣೆ. ದಾರ ಕೊಯ್ಯುವ ಪಂದ್ಯದಲ್ಲಿ ಹಾರಿಸುವ ಸಣ್ಣ ಪಟ ಈ ಕೆಲಸಕ್ಕೆ ಬಾರದು. ಅದರ ಗುಣವೇ ಚಂಚಲತೆ. ಹಾರಿಸುವವನ ಬೆರಳಿನ ಸನ್ನೆಗೆ ಅದು ಗೋತಾ ಹೊಡೆಯಬೇಕು. ಕ್ಯಾಮರಾ ಹೊರುವ ಪಟವಾದರೋ ಒಂದೆಡೆ ನಿಂತು ಎಳೆಯಬೇಕು. ಎರಡು ಮೂರು ಚದರ ಮೀಟರು ವಿಸ್ತಾರವುಳ್ಳ, ಬಟ್ಟೆಯ, ತ್ರಿಕೋನಾಕಾರದ ಪಟವಾಗಲಿ, ಜಪಾನಿನವರ ರೊಕ್ಕಾಕು ಎಂಬ ಆರು ಮೂಲೆಯ ಪಟವಾಗಲಿ, ಗಂಟೆಗೆ ೧೫ರಿಂದ ೩೦ ಕಿಲೋಮೀಟರು ವೇಗದ ಗಾಳಿಯಲ್ಲಿ ಮುನ್ನೂರು ನಾನೂರು ಗ್ರಾಂ ತೂಕದ ಕ್ಯಾಮರಾವನ್ನು ಸುಲಭವಾಗಿ ಎತ್ತುತ್ತದೆ. ಗಾಳಿಯ ವೇಗ ಇಮ್ಮಡಿಸಿದರೆ ಎಳೆತ ನಾಲ್ಮಡಿಯಾಗುವುದೆಂಬುದನ್ನು ಮರೆಯಬಾರದು. ಆದಕಾರಣ ದಾರ ಬಲವಾದುದಾಗಿರಬೇಕು, ಹಿಡಿಯುವ ಕೈಗೆ ಗವಸು ಬೇಕು, ದಾರದ ಕೊನೆಯನ್ನು ಕಟ್ಟುವುದಕ್ಕೆ ಮರವೋ ಕಲ್ಲುಕಂಬವೋ ಹತ್ತಿರವಿರಬೇಕು. ಸೂತ್ರವನ್ನು ಹಾಕುವುದರಲ್ಲಿಯೇ ಅರ್ಧ ವಿದ್ಯೆ ಅಡಗಿದೆ. ಗಾಳಿ ಹೆಚ್ಚಾದಾಗ ಸೂತ್ರದ ಗಂಟನ್ನು ಮೇಲಕ್ಕೂ ಕಡಮೆಯಾದಾಗ ಕೆಳಕ್ಕೂ ಸರಿಸುವ ಹದವನ್ನು ದೊಡ್ಡಬಳ್ಳಾಪುರದಲ್ಲಿ ಪಟ ಕಟ್ಟುವವರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಬಾಲಂಗೋಚಿಯ ಪ್ರಯೋಜನವೂ ಅವರಿಗೆ ಹೊಸದಾಗಿ ಹೇಳಿಕೊಡಬೇಕಾದುದಲ್ಲ.

ಕ್ಯಾಮರಾವನ್ನು ಪಟಕ್ಕೇ ಕಟ್ಟುವುದು ತರವಲ್ಲ. ಪಟ ಅಲುಗಿದಂತೆಲ್ಲ ಚಿತ್ರವೂ ಕದಡುತ್ತದೆ. ಪಟದಿಂದ ಇಪ್ಪತ್ತು ಮೂವತ್ತು ಮೀಟರು ಕೆಳಗೆ ದಾರಕ್ಕೆ ಅದನ್ನು ತೂಗಹಾಕುವುದು ರೂಢಿ. ಇದಕ್ಕಾಗಿ ಪಿಯೆರ್ ಪಿಕಾವೆ ಎಂಬ ಫ್ರೆಂಚನು ೧೯೧೨ರಲ್ಲಿ ರೂಪಿಸಿದ ಕಟ್ಟು ಇಂದಿಗೂ ಬಳಕೆಯಲ್ಲಿದೆ. ಅಡ್ಡಡ್ಡಲಾಗಿ ಸೇರಿಸಿದ ಎರಡು ಕಡ್ಡಿಗಳ ನಾಲ್ಕು ತುದಿಗಳ ಉಂಗುರಗಳಲ್ಲಿ ಒಂದೇ ಹುರಿಯನ್ನು ಹಾಯಿಸಿ, ಅದನ್ನು ಮೇಲಿನ ದಾರದ ಎರಡು ಕಡೆಗಳಿಗೆ ತೊಡಿಸುತ್ತಾರೆ. ದಾರ ಓರೆಯಾದರೂ ಹುರಿ ಉಂಗುರಗಳಲ್ಲಿ ಜಾರಿ ಸರಿದೂಗಿ, ತೂಗುತ್ತಿರುವ ಕ್ಯಾಮರಾ ನೆಟ್ಟಗೆ ನೆಲವನ್ನೇ ನೋಡುತ್ತದೆ. ಬತ್ತಿ ಹೊತ್ತಿಸುವ ಕಷ್ಟ ಈಗ ಇಲ್ಲ. ಮೂರು ನಾಲ್ಕು ಸೆಕೆಂಡುಗಳಿಗೊಮ್ಮೆ ತಾನಾಗಿಯೇ ಚಿತ್ರ ತೆಗೆಯುವಂತೆ ಸಣ್ಣ ಕ್ಯಾಮರಾಗಳನ್ನು ಅಣಿಮಾಡಿ ಬಿಡಬಹುದು.

ಚಿತ್ರವು ಭೂಪಟವಾಗುವ ಬಗೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ತಪ್ಪುಗಳಾಗುತ್ತವೆ. ಕ್ಯಾಮರಾದ ವರೆಗಿನ ದಾರ ೧೩೦ ಮೀಟರು ಉದ್ದವಿದ್ದು ನೆಲದೊಡನೆ ೫೦ ಅಂಶಗಳ ಕೋನ ಮಾಡಿದ್ದರೆ, ಕ್ಯಾಮರಾ ಸುಮಾರು ೧೦೦ ಮೀಟರು ಎತ್ತರದಲ್ಲಿದೆ. ದಾರ ಜೋಲುವುದರಿಂದ ನಿಜವಾದ ಎತ್ತರ ಇದಕ್ಕಿಂತ ತುಸು ಕಡಮೆ. ಬಿಂಬಫಲಕದ ಅಗಲ ೬.೨ ಮಿಲಿಮೀಟರು, ಮಸೂರದ ನಾಭಿದೂರ ೫ ಮಿಲಿಮೀಟರು ಆಗಿದ್ದರೆ ಆ ಎತ್ತರದಿಂದ ಒಂದು ಚಿತ್ರದಲ್ಲಿ ೧೨೪ ಮೀಟರು ಅಗಲದ ನೆಲ ಮೂಡುತ್ತದೆ. ಚಿತ್ರದ ಅಗಲದಲ್ಲಿ ೪,೦೦೦ ಚುಕ್ಕೆಗಳಿದ್ದರೆ ಒಂದೊಂದು ಚುಕ್ಕೆಯೂ ೩.೧ ಸೆಂಟಿಮೀಟರು ನೆಲಕ್ಕೆ ಪ್ರತಿನಿಧಿ. ನೆಟ್ಟ ಕಲ್ಲು, ತೂಬಿನ ಕಂಬ, ಬದುವಿನ ಮೇಲಣ ಕಾಲುದಾರಿ ಇವೆಲ್ಲವೂ ಕಾಣುತ್ತವೆ.

ಆದರೆ ಕಂಡುದೆಲ್ಲ ಇದ್ದಲ್ಲಿಯೇ ಕಾಣುವುದಿಲ್ಲ. ಕ್ಯಾಮರಾ ಓರೆಯಾಗಿದ್ದರೆ ಚೌಕವಾದ ಗದ್ದೆ ಒಂದು ಕಡೆ ಕಿರಿದಾಗುತ್ತದೆ. ನೆಟ್ಟಗಿದ್ದರೂ ಎತ್ತರದ ವಸ್ತುಗಳು ಚಿತ್ರದ ನಡುವಿನಿಂದ ಹೊರಕ್ಕೆ ವಾಲುತ್ತವೆ: ೧೦೦ ಮೀಟರು ಎತ್ತರದಿಂದ ತೆಗೆದ ಚಿತ್ರದಲ್ಲಿ, ನಡುವಿನಿಂದ ೫೦ ಮೀಟರು ದೂರದಲ್ಲಿರುವ ೫ ಮೀಟರು ಎತ್ತರದ ಏರಿಯ ನೆತ್ತಿಯು ತನ್ನ ನೆಲೆಯಿಂದ ಎರಡೂವರೆ ಮೀಟರಿನಷ್ಟು ಸರಿದು ತೋರುತ್ತದೆ. ಒಂದೇ ಚಿತ್ರದಲ್ಲಿ ದೋಷವಾದ ಈ ಸರಿತವೇ ಹಲವು ಚಿತ್ರಗಳಲ್ಲಿ ಗುಣವಾಗುತ್ತದೆ. ನಮ್ಮ ಎರಡು ಕಣ್ಣುಗಳು ಎರಡು ನೆಲೆಗಳಿಂದ ನೋಡುವುದರಿಂದಲೇ ದೂರಸಮೀಪಗಳ ಅರಿವು ಉಂಟಾಗುವುದಷ್ಟೆ. ಹಾಗೆಯೇ ನೆಲದ ಒಂದೊಂದು ಬಿಂದುವೂ ಹಲವು ಚಿತ್ರಗಳಲ್ಲಿ ಬೇರೆಬೇರೆ ನೆಲೆಗಳಿಂದ ಸಿಕ್ಕಿದ್ದರೆ, ಅದರ ಎತ್ತರವನ್ನು ಗಣನೆಯಿಂದ ತೆಗೆಯಬಹುದು. ಈ ಗಣನೆಯನ್ನು ಈಗ ಕಂಪ್ಯೂಟರು ಮಾಡುತ್ತದೆ. ಇದಕ್ಕೆ ಬೇಕಾದ ಕ್ರಮಾದೇಶಗಳಲ್ಲಿ ಕೆಲವು ಬೆಲೆಯಿಲ್ಲದೆಯೇ ದೊರೆಯುತ್ತವೆ. ಚಿತ್ರಗಳು ಒಂದರ ಮೇಲೊಂದು ನೂರಕ್ಕೆ ಅರುವತ್ತರಿಂದ ಎಂಬತ್ತರಷ್ಟು ಹೊಂದಿಕೊಂಡಿರಬೇಕು. ಹತ್ತು ಹೆಕ್ಟೇರಿನ ಕೆರೆಯಂಗಳಕ್ಕೆ ನೂರಾರು ಚಿತ್ರಗಳು ಬೇಕಾಗುವುವು; ಗಾಳಿಪಟವನ್ನು ಗೆರೆ ಎಳೆದಂತೆ ನಡೆಸಲಾಗುವುದಿಲ್ಲವಾದುದರಿಂದ ಇನ್ನೂ ಹೆಚ್ಚಾಗಿಯೇ ತೆಗೆಯುವುದು ಲೇಸು.

ನೆಲದ ಮೇಲಣ ಗುರುತುಗಳಿಲ್ಲದೆ ಇಷ್ಟೆಲ್ಲವೂ ನಿರರ್ಥಕ. ಅಂಗಳದಲ್ಲಿಯೂ ಏರಿಯ ಮೇಲೆಯೂ ಆರೇಳು ಕಡೆಗಳಲ್ಲಿ ಸುಣ್ಣದಿಂದ ದೊಡ್ಡ ಕತ್ತರಿಗುರುತು ಹಾಕಿ, ಅವುಗಳ ನಡುವಣ ದೂರವನ್ನು ಟೇಪಿನಿಂದಲೂ ಮಟ್ಟವನ್ನು ಮಟ್ಟಗೊಳವೆಯಿಂದಲೂ ಅಳೆದಿಟ್ಟುಕೊಳ್ಳಬೇಕು. ಎಲ್ಲ ಚಿತ್ರಗಳನ್ನೂ ಒಂದೇ ಎತ್ತರದಿಂದ ನೆಟ್ಟಗೆ ತೆಗೆದಿದ್ದರೆ, ಗಣನೆಯಲ್ಲಿ ಸಮವಾದ ನೆಲವೂ ನಡುವೆ ಉಬ್ಬಿದಂತೆ ಅಥವಾ ತಗ್ಗಿದಂತೆ ಬರುವುದುಂಟು. ಕೆರೆಯ ವಿಷಯದಲ್ಲಿ ಈ ದೋಷ ಅಪಾಯಕರ: ಇಲ್ಲದ ಆಳವನ್ನು ಅದು ಇದೆಯೆಂದು ತೋರಿಸೀತು. ಸುಣ್ಣದ ಗುರುತುಗಳು ಇದನ್ನು ತಿದ್ದುತ್ತವೆ. ಮತ್ತೊಂದು ಸಹಾಯವನ್ನು ನೀರೇ ಮಾಡುತ್ತದೆ. ಅಂಗಳದಲ್ಲಿ ನಿಂತ ನೀರಿನ ಅಂಚು ಎಲ್ಲೆಡೆಯಲ್ಲಿಯೂ ಒಂದೇ ಮಟ್ಟದಲ್ಲಿರುವುದರಿಂದ, ಮಳೆ ಬಂದ ಮೇಲೆ ಆಗಾಗ ತೆಗೆದ ಚಿತ್ರಗಳಲ್ಲಿ ಆ ಅಂಚು ಒಂದೊಂದು ಸಮೋನ್ನತ ರೇಖೆಯಾಗಿ ಬಂದುಬಿಡುತ್ತದೆ.

ಇಷ್ಟು ಶ್ರಮವೇಕೆ, ಈ ನೆಲಕ್ಕೆ ಭೂಪಟಗಳಿಲ್ಲವೇ ಎಂದು ಕೇಳಬಹುದು. ಭೂಪಟಗಳ ವಿಷಯದಲ್ಲಿ ಬೆಂಗಳೂರಿನ ಸುತ್ತಣ ಸೀಮೆ ಬಡದಲ್ಲ. ಭರತಖಂಡದ ತ್ರಿಕೋನಮಿತಿಯ ಅಳತೆಗಾಗಿ ೧೮೦೦ರಲ್ಲಿ ವಿಲಿಯಂ ಲ್ಯಾಂಬ್‌ಟನ್ ಆಧಾರರೇಖೆಯನ್ನು ಅಳೆದುದು ಬೆಂಗಳೂರಿನ ಬಳಿಯಲ್ಲಿಯೇ. ೧೮೬೮ರಲ್ಲಿ ಅಳೆದ ಇನ್ನೊಂದು ಆಧಾರರೇಖೆಯ ಒಂದು ಕೊನೆಯಲ್ಲಿ, ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಕಟ್ಟಿದ್ದ ವೀಕ್ಷಣಾಲಯವು ೨೦೨೪ರಲ್ಲಿ ಕುಸಿದುಬಿದ್ದಿತು. ಮೈಸೂರು ಸಂಸ್ಥಾನದ ರೆವಿನ್ಯೂ ಸರ್ವೆ ೧೮೬೩ರಲ್ಲಿ ಆರಂಭವಾಯಿತು. ಗ್ರಾಮನಕಾಶೆಗಳಲ್ಲಿ ೬೬೦ ಅಡಿ ನೆಲ ಒಂದು ಅಂಗುಲವಾಗುತ್ತದೆ. ಆ ಪ್ರಮಾಣದಲ್ಲಿ ೨೦ ಅಡಿ ಅಗಲದ ಏರಿಗೆ ಒಂದು ಮಿಲಿಮೀಟರಿನ ಸ್ಥಳವೂ ದೊರೆಯುವುದಿಲ್ಲ. ಉಪಗ್ರಹಗಳ ಪೈಕಿ ದೀರ್ಘಕಾಲದ ದಾಖಲೆಯುಳ್ಳ ಲ್ಯಾಂಡ್‌ಸ್ಯಾಟ್‌ನ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ೩೦ ಮೀಟರು ಚೌಕದ ನೆಲ. ಎರಡು ಹೆಕ್ಟೇರಿನ ಕುಂಟೆ ಅದರಲ್ಲಿ ಇಪ್ಪತ್ತೆರಡು ಚುಕ್ಕೆಗಳಲ್ಲಿ ಮುಗಿದುಹೋಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಉಪಗ್ರಹಚಿತ್ರಗಳೂ ಉಂಟು. ಆದರೆ ಅವುಗಳ ದಿನವನ್ನು ಆರಿಸುವುದು ನೋಡುವವನ ಕೈಯಲ್ಲಿಲ್ಲ, ಆಷಾಢದ ಮೋಡವನ್ನು ಅವು ಭೇದಿಸಲಾರವು. ೨೦೨೦ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನುಗಳಿಂದ ಹಳ್ಳಿಗಳ ಅಳತೆಯಾಯಿತಾದರೂ, ಅದರ ಲಕ್ಷ್ಯ ಗ್ರಾಮಠಾಣದ ಮನೆ ನಿವೇಶನಗಳು. ಕೆರೆಯೂ ಹೊಲವೂ ಅಲ್ಲ. ಗಾಳಿಪಟವು ಮೋಡದ ಕೆಳಗೆ ಹಾರುತ್ತದೆ, ಬೇಕಾದ ದಿನ ಹಾರುತ್ತದೆ, ಬೇಕಾದ ಒಂದೇ ಕೆರೆಯ ಮೇಲೆ ನಿಲ್ಲುತ್ತದೆ.

ಶಾಸನಾಭ್ಯಾಸಿಗಳಿಗೆ ಇದರಿಂದಾಗುವ ಪ್ರಯೋಜನವನ್ನು ಕುರಿತು ಹೆಚ್ಚಾಗಿ ಹೇಳಬೇಕಾಗಿದೆ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಸೇರಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ಬೆಂಗಳೂರು ಪ್ರಾಂತದ ಶಾಸನಶಿಲೆಗಳನ್ನು ಮೂರು ಆಯಾಮಗಳ ಬಿಂಬಗಳಾಗಿ ಸಂಗ್ರಹಿಸುವ ಕಾರ್ಯವನ್ನು ಕೈಕೊಂಡಿತು. ಹೀಗೆ ಅಕ್ಷರಕ್ಕೆ ರಕ್ಷಣೆ ದೊರೆಯುತ್ತಿದೆ. ಅಕ್ಷರವು ಯಾವ ನೆಲವನ್ನು ಕುರಿತು ಹೇಳಿತೋ ಆ ನೆಲಕ್ಕೆ ಅಂಥ ರಕ್ಷಣೆ ಇಲ್ಲ. ದಾನಶಾಸನಗಳ ಸೀಮಾವಿವರಣೆಯನ್ನು ಓದಿದವರಿಗೆ ಅದರ ಕ್ರಮ ಪರಿಚಿತವಾದುದು: ಮೂಡಲಿಂದಲೋ ಈಶಾನ್ಯದಿಂದಲೋ ಹೊರಟು ಪ್ರದಕ್ಷಿಣವಾಗಿ ಹಳ್ಳ, ಮೊರಡಿ, ಹುತ್ತ, ಹುಣಸೆಯ ಮರ, ಹಿರಿಯ ಕೆರೆಯ ಕೋಡಿ, ನಟ್ಟ ಕಲ್ಲು, ಮೂರು ಊರುಗಳ ಎಲ್ಲೆ ಕೂಡುವ ಠಾವು ಇವುಗಳನ್ನು ಹೆಸರಿಸಿ ಹೊರಟಲ್ಲಿಗೇ ಬಂದು ಸೇರುವುದು. ಅಂದರೆ ಅದು ನೆಲದ ಮೇಲೆ ನಡೆಯುತ್ತ ಬರೆದ ಭೂಪಟ. ಮರ ಬಿದ್ದಿರಬಹುದು, ಹುತ್ತ ಕರಗಿರಬಹುದು. ಹಳ್ಳ, ಮೊರಡಿ, ಕೋಡಿ, ವಾಮನಮುದ್ರೆಯ ಕಲ್ಲು ಇವು ಬಹುಕಾಲ ಉಳಿಯತಕ್ಕವು. ನಡೆದು ನೋಡಿದಾಗ ಬಿಡಿಬಿಡಿಯಾಗಿ ತೋರುವ ಇವುಗಳ ಪರಸ್ಪರ ಸಂಬಂಧವು ನೂರು ಮೀಟರು ಮೇಲಿನಿಂದ ಒಂದೇ ನೋಟಕ್ಕೆ ಸಿಕ್ಕುತ್ತದೆ. ಹೂತುಹೋದ ಹಳೆಯ ಕಾಲುವೆಯ ಜಾಡಿನಲ್ಲಿ ತೇವ ಹೆಚ್ಚಾಗಿ ನಿಲ್ಲುವುದರಿಂದ ಅಲ್ಲಿಯ ಹುಲ್ಲು ಬಣ್ಣಗೆಟ್ಟ ನೆಲದ ನಡುವೆ ಹಸುರು ಗೆರೆಯಾಗಿ ಕಾಣುವುದುಂಟು. ತಗ್ಗಾದ ಬದುಗಳನ್ನೂ ಒಡೆದ ಏರಿಗಳನ್ನೂ ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಉದ್ದನೆರಳು ಬೇಕು. ಮೋಡ ಕವಿದ ಆಷಾಢದಲ್ಲಿ ಅದು ಅಪರೂಪ. ಅಳತೆಗೆ ಆಷಾಢ, ನೆರಳಿಗೆ ಮಾಘ ಫಾಲ್ಗುಣಗಳ ಮುಂಜಾನೆ ಎಂದು ಎರಡು ಸಲ ಹಾರಿಸುವುದೇ ಸರಿಯಾದ ಕ್ರಮ.

ಇನ್ನೊಂದು ಪ್ರಶ್ನೆ ಭೂಮಾನಗಳದು. ಇಲ್ಲಿಯ ಶಾಸನಗಳು ಗದ್ದೆಯನ್ನೂ ಬೆದ್ದಲನ್ನೂ ಖಂಡುಗ ಕೊಳಗಗಳಲ್ಲಿ ಹೇಳುತ್ತವೆ. ೨೦ ಕೊಳಗಕ್ಕೆ ಒಂದು ಖಂಡುಗವೆಂಬುದು ಧಾನ್ಯದ ಲೆಕ್ಕ. ಅಷ್ಟು ಬೀಜ ಬಿತ್ತುವ ನೆಲವೆಂಬುದು ಭೂಮಿಯ ಲೆಕ್ಕ. ಬೀಜದಿಂದ ಅಳೆದ ನೆಲ ಮಣ್ಣಿನ ಗುಣಕ್ಕೂ ನೀರಿನ ಸೌಕರ್ಯಕ್ಕೂ ತಕ್ಕಂತೆ ಹೆಚ್ಚು ಕಡಮೆಯಾಗುವುದರಿಂದ, ಅದನ್ನು ಎಕರೆಗೆ ತಿರುಗಿಸುವುದಕ್ಕೆ ಒಂದೇ ಸೂತ್ರ ಇರಲಾರದು. ಆದರೆ ಇಂಥ ಕೆರೆಯ ಕೆಳಗೆ ಇಷ್ಟು ಖಂಡುಗ ಗದ್ದೆಯೆಂದು ಶಾಸನ ಹೇಳುವಲ್ಲಿ, ಆ ಕೆರೆಯೂ ತೂಬೂ ಅಚ್ಚುಕಟ್ಟಿನ ಎಲ್ಲೆಯೂ ಉಳಿದಿದ್ದರೆ, ಗಾಳಿಪಟದ ಚಿತ್ರದಿಂದ ಅಚ್ಚುಕಟ್ಟನ್ನು ಅಳೆದು ಖಂಡುಗಕ್ಕೆ ಒಂದು ಸ್ಥಳೀಯ ಬೆಲೆಯನ್ನು ಊಹಿಸಬಹುದು. ಕೆರೆಯ ದುರಸ್ತಿಗಾಗಿ ಬಿಟ್ಟ ಕೆರೆಗೊಡಗೆಯ ಭೂಮಿ ಅಚ್ಚುಕಟ್ಟಿನ ಯಾವ ಭಾಗದಲ್ಲಿತ್ತು, ಒಳ್ಳೆಯ ನೀರು ಹರಿಯುವ ತೂಬಿನ ಬುಡದಲ್ಲಿಯೋ, ಕೊನೆಯಲ್ಲಿಯೋ ಎಂಬುದು ತಿಳಿದರೆ ಆ ಕಾಲದ ಊರಿನ ವ್ಯವಸ್ಥೆಯ ಮೇಲೆ ಬೆಳಕು ಬೀಳುತ್ತದೆ. ಇದಕ್ಕೆ ಉಳಿದಿರುವ ಕಾಲ ಹೆಚ್ಚಲ್ಲ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಹೋಗುವ ವರ್ತುಲ ರಸ್ತೆ ೨೦೨೪ರಲ್ಲಿ ಬಳಕೆಗೆ ಬಂದಿದೆ. ರಸ್ತೆ ಬಂದಲ್ಲಿ ನಿವೇಶನಗಳು ಬರುತ್ತವೆ, ನಿವೇಶನಗಳಿಗಾಗಿ ನೆಲವನ್ನು ಮಟ್ಟಮಾಡುವ ಯಂತ್ರಕ್ಕೆ ಮೊರಡಿಗೂ ಎಲ್ಲೆಯ ಕಲ್ಲಿಗೂ ಭೇದವಿಲ್ಲ.

ಕೆರೆಗಳ ಸ್ಥಿತಿ ಶಾಸನಾಭ್ಯಾಸಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳ ಮೂಲಕ ಹರಿಯುವ ಅರ್ಕಾವತಿಯು ೧೮೯೪ರಿಂದ ಹೆಸರಘಟ್ಟದ ಕೆರೆಯ ಮೂಲಕ ಬೆಂಗಳೂರಿಗೆ ನೀರು ಕೊಟ್ಟ ನದಿ. ಅದು ಬತ್ತಿದ ಕಾರಣವನ್ನು ಕುರಿತು ಬೆಂಗಳೂರಿನ ಏಟ್ರಿ ಸಂಸ್ಥೆಯ ವೀಣಾ ಶ್ರೀನಿವಾಸನ್ ಅವರೂ ಸಹವಿದ್ವಾಂಸರೂ ೨೦೧೫ರಲ್ಲಿ ಪ್ರಕಟಿಸಿದ ಪ್ರಬಂಧವು ಮಳೆಯ ಕೊರತೆ, ತಾಪದ ಏರಿಕೆ, ಕೊಳವೆಬಾವಿಗಳು, ನೀಲಗಿರಿ ತೋಪುಗಳು, ಹಳ್ಳಗಳಿಗೆ ಕಟ್ಟಿದ ಸಣ್ಣ ಅಡ್ಡಗಟ್ಟೆಗಳು ಇವನ್ನು ಒಂದೊಂದಾಗಿ ಪರೀಕ್ಷಿಸಿ, ದೋಷವು ಮಳೆಯದಲ್ಲ, ಮನುಷ್ಯರ ಕೆಲಸಗಳದೆಂಬ ಕಡೆಗೆ ಬೊಟ್ಟುಮಾಡಿತು. ಇಂಥ ವಿಚಾರದಲ್ಲಿ ಯಾವ ಕೆರೆಯಲ್ಲಿ ಎಷ್ಟು ನೀರು ನಿಲ್ಲುತ್ತದೆಂಬ ಅಳತೆ ಮೂಲದ್ರವ್ಯ. ಒಂದು ಹೆಕ್ಟೇರು ಅಂಗಳದಲ್ಲಿ ಒಂದು ಅಡಿ ಹೂಳು ತುಂಬಿದರೆ ಮೂರು ಸಾವಿರ ಘನಮೀಟರಿಗೂ ಮಿಕ್ಕ ನೀರಿನ ಸ್ಥಳ ಹೋಯಿತು. ಹೂಳೆತ್ತುವ ಮುನ್ನ ಒಂದು ಸಲ, ಎತ್ತಿದ ಮೇಲೆ ಒಂದು ಸಲ ಗಾಳಿಪಟ ಹಾರಿಸಿದರೆ ಎತ್ತಿದುದೆಷ್ಟೆಂಬುದು ಊರಿನವರಿಗೇ ತಿಳಿಯುತ್ತದೆ. ಗುತ್ತಿಗೆದಾರನ ಲೆಕ್ಕವನ್ನು ನಂಬಿ ಕುಳಿತಿರಬೇಕ್ಕಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಬಿಡುತ್ತಿರುವ ಕೆರೆಗಳಲ್ಲಿ ಮಾತ್ರ ಅಂಗಳವು ಬರಿದಾಗುವುದಿಲ್ಲವಾದುದರಿಂದ ಈ ಅಳತೆ ಸಾಗದು.

ಅಡ್ಡಿಗಳೂ ಇವೆ. ೨೦೦೮ರ ಮೇ ೨೪ರಿಂದ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನನಿಲ್ದಾಣವು ನಡೆಯುತ್ತಿದೆ. ಯಲಹಂಕದಲ್ಲಿ ವಾಯುಸೇನೆಯ ನೆಲೆಯುಂಟು. ೧೯೩೪ರ ವಿಮಾನ ಕಾಯಿದೆಯು ವಿಮಾನವೆಂಬ ಶಬ್ದದಲ್ಲಿ ಬಲೂನಿನೊಡನೆ ಗಾಳಿಪಟವನ್ನೂ ಸೇರಿಸಿತ್ತೆಂಬುದು ಬಹುಮಂದಿಗೆ ತಿಳಿಯದು. ಕಾಯಿದೆಯ ಕಣ್ಣಿಗೆ ಆಷಾಢದ ಹುಡುಗರೆಲ್ಲರೂ ವೈಮಾನಿಕರೇ. ಆ ಕಾಯಿದೆಯ ಸ್ಥಾನಕ್ಕೆ ೨೦೨೫ರ ಜನವರಿ ೧ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ವಿಮಾನಗಳು ಇಳಿಯುವ ಏರುವ ದಾರಿಯಲ್ಲಿ ನೂರು ಮೀಟರಿನ ದಾರವನ್ನು ಬಿಡುವುದು ಪ್ರಾಣಾಪಾಯದ ಕೆಲಸ. ಆದುದರಿಂದ, ಅರ್ಧವೃತ್ತಾಕಾರದ ಕೊತ್ತಳಗಳಿಂದ ಮೇಲಿನ ನೋಟಕ್ಕೆ ಅತ್ಯಂತ ಯೋಗ್ಯವಾದ ದೇವನಹಳ್ಳಿಯ ಕೋಟೆಯನ್ನು ಈ ಕ್ರಮದಿಂದ ಅಳೆಯುವ ಆಸೆಯನ್ನು ಬಿಡಬೇಕು. ದೊಡ್ಡಬಳ್ಳಾಪುರ ನೆಲಮಂಗಲಗಳ ಕಡೆಯಲ್ಲಿಯೂ ಅಧಿಕಾರಿಗಳಿಂದ ಬರೆಹದಲ್ಲಿ ಅನುಮತಿ ಪಡೆದು ಹಾರಿಸುವುದೇ ಕ್ಷೇಮ. ವಿದ್ಯುತ್ತಂತಿಗಳಿರುವ ಕಡೆ ಹಾರಿಸಲೇಬಾರದು. ೨೦೧೭ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ನಿಷೇಧಿಸಿದ ನೈಲಾನ್ ಮಾಂಜಕ್ಕೆ ಇಲ್ಲಿ ಕೆಲಸವೂ ಇಲ್ಲ. ಕೊಯ್ಯುವ ದಾರವಲ್ಲ, ತಾಳುವ ದಾರ ಬೇಕಾಗಿರುವುದು. ಹೊಲದ ಒಡೆಯರಿಗೆ ಮುಂದಾಗಿ ತಿಳಿಸುವುದು ಸೌಜನ್ಯಕ್ಕಾಗಿ ಮಾತ್ರವಲ್ಲ. ಅಳತೆಯೆಂದರೆ ಭೂಸ್ವಾಧೀನವೆಂಬ ಭಯ ಈ ತಾಲ್ಲೂಕುಗಳಲ್ಲಿ ಅಕಾರಣವಾದುದಲ್ಲ.

ಪ್ರತಿಯೊಂದು ಹಾರಾಟಕ್ಕೂ ಒಂದು ಟಿಪ್ಪಣಿ ಇರತಕ್ಕದ್ದು: ದಿನ, ಹೊತ್ತು, ಗಾಳಿಯ ದಿಕ್ಕು, ದಾರದ ಉದ್ದ ಮತ್ತು ಕೋನ, ಸುಣ್ಣದ ಗುರುತುಗಳ ಅಳತೆ, ಸರ್ವೆ ನಂಬರು, ಹತ್ತಿರದ ಶಾಸನದ ಸಂಪುಟಸಂಖ್ಯೆ. ಕೆರೆ, ಕುಂಟೆ, ಹಳ್ಳ, ದಿಣ್ಣೆಗಳ ಹೆಸರುಗಳನ್ನು ಊರಿನ ನೀರುಗಂಟಿಯೋ ಹಿರಿಯರೋ ಉಚ್ಚರಿಸುವಂತೆಯೇ ಮೊದಲು ಬರೆದುಕೊಂಡು, ನಕಾಶೆಯಲ್ಲಿರುವ ಹೆಸರನ್ನು ಅದರ ಪಕ್ಕದಲ್ಲಿ ಕಾಣಿಸಬೇಕು. ಶಾಸನದ ಹಳೆಯ ಹೆಸರು ಉಳಿದಿರುವುದು ಸಾಮಾನ್ಯವಾಗಿ ಮೊದಲನೆಯದರಲ್ಲಿ.